ಯಾರೂ ಏರದ ಮರಿ

ಗರಿಗಳ ಭಾನುವಾರದ ಪ್ರಬೋಧನೆ, ಜಾಲಹಳ್ಳಿ



ಗರಿಗಳನ್ನು ಹಿಡಿದು, ಹಾಡುತ್ತ ನಾವು ದೇವಾಲಯಕ್ಕೆ ಬಂದಿದ್ದೇವೆ. ಜೆರುಸಲೇಮಿನ ಆ ಮೊದಲ ಮೆರವಣಿಗೆಯಲ್ಲಿ ಯೇಸುಸ್ವಾಮಿಯನ್ನು ಹೊತ್ತು ತಂದದ್ದು ಒಂದು ಕತ್ತೆಮರಿ. ಅದು ಬೀದಿಯಲ್ಲಿ, ಬಾಗಿಲ ಹೊರಗೆ ಕಟ್ಟಿಹಾಕಿದ್ದ ಮರಿ, ಅದುವರೆಗೆ ಅದರ ಮೇಲೆ ಯಾರೂ ಕುಳಿತಿರಲಿಲ್ಲ ಎಂದು ಸಂತ ಮಾರ್ಕರು ತಿಳಿಸುತ್ತಾರೆ. ಪಳಗದ ಪ್ರಾಣಿ ಎಂದರೇನೆಂದು ದನಕರು ಸಾಕುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹೊಸ ಹೋರಿಗೆ ಮೊದಲ ಸಲ ನೊಗ ಹೂಡುವ ದಿನ ಮಕ್ಕಳನ್ನು ದೂರ ನಿಲ್ಲಿಸುತ್ತೇವೆ. ಆದರೂ ಪ್ರಭು ಪಳಗಿದ ಪ್ರಾಣಿಯನ್ನು ಕೇಳಲಿಲ್ಲ. ಯಾರ ಲೆಕ್ಕಕ್ಕೂ ಬಾರದೆ ನಿಂತಿದ್ದ ಮರಿಯೇ ತಮಗೆ ಬೇಕು ಎಂದರು.

ಪ್ರಿಯರೇ, ನಮ್ಮ ಈ ಕೃಷ್ಣಾ ತುಂಗಭದ್ರೆಯರ ನಡುವಣ ನೆಲ ಕುದುರೆಗಳಿಗಾಗಿ ರಕ್ತ ಕಂಡ ನೆಲ. ಕುದುರೆ ತರಲೆಂದು ಕೃಷ್ಣದೇವರಾಯ ಕೊಟ್ಟು ಕಳಿಸಿದ ಹಣದೊಂದಿಗೆ ವರ್ತಕನೊಬ್ಬ ಬಿಜಾಪುರದ ಸುಲ್ತಾನನ ಕಡೆಗೆ ಓಡಿಹೋದ, 1520ರ ರಾಯಚೂರು ಯುದ್ಧಕ್ಕೆ ಅದೇ ನೆಪವಾಯಿತು ಎಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಅರಸರ ಕಣ್ಣು ಕಡಲಾಚೆಯಿಂದ ಹಡಗಿನಲ್ಲಿ ಬರುವ ಎತ್ತರದ ಕುದುರೆಗಳ ಮೇಲಿತ್ತು.

ನಮ್ಮ ಜಿಲ್ಲೆಯಲ್ಲೇ ಕೃಷ್ಣೆಯನ್ನು ಸೇರುವ ಭೀಮಾನದಿಯ ಬಯಲಿಗೂ ತನ್ನದೇ ಕುದುರೆಯಿದೆ. ಗಿಡ್ಡ ದೇಹ, ಗಟ್ಟಿ ಕಾಲು. ಒರಟು ಮೇವಿನಲ್ಲೇ ಬದುಕುತ್ತದೆ, ದೂರದ ದಾರಿಗೆ ದಣಿಯುವುದಿಲ್ಲ. ಮರಾಠರ ದಂಡು ಇಂಥ ಕುದುರೆಗಳನ್ನೇರಿ ದಕ್ಖನ್ನನ್ನೆಲ್ಲ ಸುತ್ತಿತು. ದಂಡು ಹೋದ ಮೇಲೆ ಅದು ಕುರಿಗಾಹಿಗಳ ಮೂಟೆ ಹೊರುವ ತಟ್ಟುವಾಯಿತು. ಹೊಲದಲ್ಲಿ ಕುರಿ ನಿಲ್ಲಿಸಲು ಬರುವವರ ಹಿಂದೆ ಗುಡಾರ, ಪಾತ್ರೆ, ಎಳೆಯ ಕುರಿಮರಿಗಳನ್ನು ಹೊತ್ತು ಬರುವ ಪುಟ್ಟ ಕುದುರೆಯನ್ನು ನಿಂತು ನೋಡಿದವರು ಎಷ್ಟು ಮಂದಿ? ಕೊನೆಗೆ 2023ರಲ್ಲಿ, ಕರ್ನಾಲ್‌ನಲ್ಲಿರುವ ಕೇಂದ್ರ ಸರ್ಕಾರದ ಪಶುತಳಿ ಸಂಸ್ಥೆ ಅದನ್ನು 'ಭೀಮಥಡಿ' ಎಂಬ ಪ್ರತ್ಯೇಕ ತಳಿಯಾಗಿ ದಾಖಲಿಸಿತು. ಕುದುರೆ ಹೊಸದಾಗಿ ಹುಟ್ಟಲಿಲ್ಲ. ನೋಡುವ ಕಣ್ಣು ಹೊಸದಾಯಿತು.

ಆದರೆ ನೋಡಿದರಷ್ಟೇ ಸಾಲದು, ಪಳಗಿಸಬೇಕು. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ನೇರ ಹಿಂದಿನಿಂದ ಬರುವವರು ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ಬಲ್ಲವರು ಭುಜದ ಕಡೆಯಿಂದ, ಮಾತಾಡಿಸುತ್ತ ಹತ್ತಿರ ಹೋಗುತ್ತಾರೆ. ಮರಿಯನ್ನು ಮೊದಲು ತಾಯಿಯ ಪಕ್ಕದಲ್ಲೇ ನಡೆಸುತ್ತಾರೆ. ಸಂತ ಮತ್ತಾಯರು ಆ ಕತ್ತೆಮರಿಯೊಂದಿಗೆ ಅದರ ತಾಯಿಯನ್ನೂ ಕರೆತಂದರೆಂದು ಬರೆದಿರುವುದು ನೆನಪಿರಲಿ. ಹಗ್ಗ ಹಿಡಿದಾಗ ಮರಿ ಒಂದೇ ಒಂದು ಹೆಜ್ಜೆ ಮುಂದಿಟ್ಟರೂ ತಕ್ಷಣ ಹಗ್ಗ ಸಡಿಲಿಸಬೇಕು. ಆ ಸಡಿಲಿಕೆಯೇ ಅದಕ್ಕೆ ಶಭಾಸ್‌ಗಿರಿ. ಕುದುರೆಯ ಬೆನ್ನುಮೂಳೆ ಪೂರ್ತಿ ಬಲಿಯಲು ಐದಾರು ವರ್ಷ ಬೇಕು. ಅವಸರಪಟ್ಟು ಭಾರ ಹೇರಿದವನು ಕುದುರೆಯನ್ನೇ ಕಳೆದುಕೊಳ್ಳುತ್ತಾನೆ.

ಅಲೆಕ್ಸಾಂಡರನ ಬಾಲ್ಯದ ಕಥೆಯೊಂದನ್ನು ಪ್ಲುಟಾರ್ಕ್ ಹೇಳುತ್ತಾನೆ. ಯಾರನ್ನೂ ಹತ್ತಿರ ಬಿಡದ ಕುದುರೆಯನ್ನು ಕಂಡು, ಇದು ಕೆಲಸಕ್ಕೆ ಬಾರದ್ದು, ಹೊಡೆದುಕೊಂಡು ಹೋಗಿ ಎಂದ ತಂದೆ ಫಿಲಿಪ್. ಹುಡುಗ ಗಮನಿಸಿದ: ಕುದುರೆ ತನ್ನ ನೆರಳಿಗೇ ಬೆದರುತ್ತಿತ್ತು. ಅವನು ಅದನ್ನು ಸೂರ್ಯನ ಕಡೆಗೆ ತಿರುಗಿಸಿದ, ಮೈದಡವಿದ, ಆಮೇಲೆ ಏರಿದ. ದೊಡ್ಡವರಿಗೆ ಮೊಂಡುತನವಾಗಿ ಕಂಡದ್ದು ಹುಡುಗನಿಗೆ ಭಯವಾಗಿ ಕಂಡಿತು.

ಈಗ ನಮ್ಮ ಓಣಿಗಳನ್ನು ನೋಡೋಣ. ಇದು ಗುಳೆ ಹೋಗುವ ಕಾಲ, ಪರೀಕ್ಷೆಯ ಕಾಲವೂ ಹೌದು. ತಂದೆತಾಯಿ ಬೆಂಗಳೂರಿಗೋ ಪುಣೆಗೋ ಗಂಟು ಕಟ್ಟುತ್ತಾರೆ, ಮಗುವೂ ಹಿಂದೆ ಹೋಗುತ್ತದೆ. ತಿಂಗಳುಗಳ ಮೇಲೆ ಮರಳಿದಾಗ ಪಾಠ ಮುಂದೆ ಸಾಗಿರುತ್ತದೆ, ಮಗು ಕೊನೆಯ ಸಾಲಿನಲ್ಲಿ ಸುಮ್ಮನೆ ಕೂರುತ್ತದೆ. ಊರು ಅದನ್ನು ದಡ್ಡ ಎನ್ನುತ್ತದೆ, ಹತ್ತಿ ಬಿಡಿಸಲು ಕಳಿಸಿ ಎನ್ನುತ್ತದೆ. ಆ ಮಗು ದಡ್ಡನೋ, ಬೆದರಿದೆಯೋ? ಅದರ ಬೆನ್ನು ಇನ್ನೂ ಬಲಿತಿಲ್ಲ, ಪ್ರಿಯರೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, 6ರಿಂದ 14 ವರ್ಷದ ಮಗು ಶಾಲೆ ಬಿಟ್ಟಿದ್ದರೂ ಅದನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ತಪ್ಪಿಹೋದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಇದು ಯಾರ ದಯೆಯೂ ಅಲ್ಲ, ಮಗುವಿನ ಹಕ್ಕು.

ಈ ಪವಿತ್ರ ವಾರದಲ್ಲಿ ನಾವು ಎರಡು ನಿರ್ಧಾರಗಳನ್ನು ಮಾಡೋಣ. ಗುಳೆ ಹೊರಟ ಮನೆಯ ಮಗುವನ್ನು, ಅದರ ತಂದೆತಾಯಿ ಒಪ್ಪಿದರೆ, ಪರೀಕ್ಷೆ ಮುಗಿಯುವವರೆಗೆ ನಮ್ಮ ಮನೆಯಲ್ಲಿ ಇರಿಸಿಕೊಳ್ಳೋಣ. ಊರಲ್ಲಿ ಉಳಿದವರು ಹಿಂದುಳಿದ ಒಂದೊಂದು ಮಗುವನ್ನು ದಿನವೂ ಸಂಜೆ ಅರ್ಧ ಗಂಟೆ ಪಕ್ಕದಲ್ಲಿ ಕೂರಿಸಿಕೊಂಡು ಓದಿಸೋಣ. ಒಂದು ಸಾಲು ಓದಿದರೂ ಬೆನ್ನು ತಟ್ಟೋಣ. ಬೈಗುಳ ಬೇಡ, ನಾಳೆಗೆ ಸಾಕಷ್ಟು ಉಳಿದಿರುತ್ತದೆ.

ಆ ದಿನ ಕತ್ತೆಮರಿ ತಾನಾಗಿ ಜೆರುಸಲೇಮಿಗೆ ಹೋಗಲಿಲ್ಲ. ಇಬ್ಬರು ಶಿಷ್ಯರು ಹೋಗಿ ಹಗ್ಗ ಬಿಚ್ಚಬೇಕಾಯಿತು. ನಮ್ಮ ಬೀದಿಯಲ್ಲಿ ಕಟ್ಟಿಹಾಕಿದಂತೆ ನಿಂತಿರುವ ಮಕ್ಕಳ ಹಗ್ಗ ಬಿಚ್ಚುವ ಕೈಗಳನ್ನು ಪ್ರಭು ನಮಗೆ ಅನುಗ್ರಹಿಸಲಿ. ಆಮೆನ್.