ಅರಳು ಮರಳೆಂದು ಕೈಬಿಡಬೇಡಿ



‘ಅರವತ್ತಕ್ಕೆ ಅರಳು ಮರಳು’ ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಈ ಮಾತಿನ ಮರೆಯಲ್ಲಿ ಎಷ್ಟು ಹಿರಿಯರ ಕಾಯಿಲೆಗಳು ಅಡಗಿವೆ ಎಂದು ನಾವು ಯೋಚಿಸಿದ್ದೇವೆಯೇ?

ಶಿರೂರು, ಗಂಗೊಳ್ಳಿ, ಕಂಡ್ಲೂರು, ಕೋಡಿಬೆಂಗ್ರೆಯಂಥ ಊರುಗಳನ್ನು ನೋಡಿ. ಮಗ ಗಲ್ಫ್‌ನಲ್ಲೋ ಮುಂಬೈಯಲ್ಲೋ ದುಡಿಯುತ್ತಾನೆ. ತಪ್ಪದೆ ಹಣ ಬರುತ್ತದೆ. ಆದರೆ ಊರಲ್ಲುಳಿದ ತಂದೆ ತಾಯಿಗೆ ಮಾತಿಗೆ ಜನವಿಲ್ಲ. ಪ್ರಾಯದ ಮೀನುಗಾರನಿಗೆ ಜೂನ್ 1ರಿಂದ ಜುಲೈ 31ರವರೆಗೆ ಮಾತ್ರ ನಿಷೇಧದ ಬಿಡುವು. ದೋಣಿ ಬಿಟ್ಟ ಮುದುಕನಿಗೆ ವರ್ಷವಿಡೀ ಬಿಡುವು. ಆ ಬರಿದಾದ ದಿನಗಳನ್ನು ಅವರು ಯಾವುದರಿಂದ ತುಂಬಬೇಕು?

‘ನಮ್ಮಲ್ಲಿ ಕುಡಿತವಿಲ್ಲ’ ಎಂದು ನಾವು ಹೆಮ್ಮೆಪಡುತ್ತೇವೆ. ಸರಕಾರ 2007ರಲ್ಲಿ ಸಾರಾಯಿ ನಿಷೇಧಿಸಿತು. ಕುಡಿತ ನಿಲ್ಲಲಿಲ್ಲ, ಬಾಟಲಿ ಬದಲಾಯಿತು. ಧರ್ಮ ನಿಷೇಧಿಸಿದ ಮಾತ್ರಕ್ಕೆ ನಮ್ಮಲ್ಲೂ ಕುಡಿಯುವವರು ಇಲ್ಲವಾಗಿಲ್ಲ. ಇರುವವರು ಅಡಗಿಕೊಂಡಿದ್ದಾರೆ, ಅಡಗಿದವರು ವೈದ್ಯರ ಬಳಿಗೆ ಹೋಗುವುದಿಲ್ಲ.

ಇನ್ನು ನಾವು ನಶೆಯೆಂದೇ ಎಣಿಸದ ವಸ್ತುಗಳಿವೆ. ಎಲೆಯಡಿಕೆಯೊಂದಿಗಿನ ಹೊಗೆಸೊಪ್ಪು ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲೇ ಹೇಳಿದೆ. ನಿದ್ದೆ ಮಾತ್ರೆಯಂತೂ ಗೌರವದ ಚಟ. ಎಂದೋ ವೈದ್ಯರು ಕೆಲವು ದಿನಗಳಿಗೆಂದು ಬರೆದ ಮಾತ್ರೆಯನ್ನು, ಅದೇ ಹಳೆಯ ಚೀಟಿ ಹಿಡಿದು ವರ್ಷಗಟ್ಟಲೆ ನುಂಗುವವರಿದ್ದಾರೆ. ವಾರಗಳು ಕಳೆದಂತೆ ದೇಹ ಅದಕ್ಕೆ ಒಗ್ಗುತ್ತದೆ; ಒಂದು ಸಾಲದೆ ಎರಡಾಗುತ್ತದೆ. ವಯಸ್ಸಾದ ದೇಹದಿಂದ ಮದ್ದು ಬೇಗ ಇಳಿಯದು. ಬೆಳಗ್ಗೆ ಮಂಪರು, ತೂರಾಟ, ಮರೆವು. ಬಚ್ಚಲಲ್ಲಿ ಬಿದ್ದು ಸೊಂಟ ಮುರಿದಾಗ ನಾವು ಹೇಳುವುದೇನು? ‘ವಯಸ್ಸಾಯಿತಲ್ಲ!’ ಹೆದರಿ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ವೈದ್ಯರ ನಿಗಾದಲ್ಲಿ ಹಂತ ಹಂತವಾಗಿ ಇಳಿಸಬೇಕು.

ಹಿರಿಯರು ‘ಮನಸ್ಸಿಗೆ ಬೇಸರ’ ಎಂದು ಬಾಯಿಬಿಟ್ಟು ಹೇಳುವುದು ಕಡಿಮೆ. ಮೈಕೈ ನೋವು, ಹಸಿವಿಲ್ಲ, ನಡುರಾತ್ರಿ ಎಚ್ಚರವಾಗುತ್ತದೆ ಎನ್ನುತ್ತಾರೆ. ಇದು ಖಿನ್ನತೆಯ ಭಾಷೆಯೂ ಆಗಿರಬಹುದು. ನಾವಾದರೋ ಜಿನ್ನ್ ಎನ್ನುತ್ತೇವೆ, ಮಾಟ ಎನ್ನುತ್ತೇವೆ, ತಾಯತ ಕಟ್ಟಿಸುತ್ತೇವೆ. ಇಲ್ಲವೇ ‘ಈಮಾನ್ ಸಾಲದು’ ಎಂದು ನೊಂದವರನ್ನೇ ಅಪರಾಧಿಯಾಗಿಸುತ್ತೇವೆ. ಸಕ್ಕರೆ ಕಾಯಿಲೆಗೆ ಮದ್ದು ತಿಂದರೆ ಕುಂದದ ಈಮಾನ್, ಮನಸ್ಸಿನ ಕಾಯಿಲೆಗೆ ತಿಂದರೆ ಕುಂದುತ್ತದೆಯೇ?

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಮಾನಸಿಕ ಕಾಯಿಲೆಯುಳ್ಳ 100 ಮಂದಿಯಲ್ಲಿ 70ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಚಿಕಿತ್ಸೆಯೇನೂ ಈಗ ದಯೆಯ ಮಾತಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅದನ್ನು ಹಕ್ಕೆಂದು ಸಾರಿದೆ. 2022ರ ಅಕ್ಟೋಬರ್‌ನಿಂದ ‘ಟೆಲಿ ಮಾನಸ್’ ಇದೆ. 14416ಕ್ಕೆ ಕರೆ ಮಾಡಿದರೆ ಹಗಲಿರುಳೂ ಉಚಿತವಾಗಿ ಸಲಹೆ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಉಡುಪಿಯ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಮನೋವೈದ್ಯರು ಬರುವ ದಿನ ಯಾವುದೆಂದು ಕುಂದಾಪುರದ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಬೈಂದೂರು, ಬ್ರಹ್ಮಾವರದ ಜಮಾಅತ್‌ಗಳು ವಾಹನದ ವ್ಯವಸ್ಥೆ ಮಾಡಿದರೆ ಎಷ್ಟೋ ಒಂಟಿ ತಾಯಂದಿರಿಗೆ ದಾರಿ ತೆರೆಯುತ್ತದೆ.

ಮಹನೀಯರೇ, ಮಯ್ಯಿತ್ ಹೊರಲು ಊರಿಗೆ ಊರೇ ಸೇರುತ್ತದೆ. ಜೀವವಿರುವಾಗ ಹೆಗಲು ಕೊಡುವವರು ಎಷ್ಟು ಮಂದಿ? ಇಂದು ಮನೆಗೆ ಹೋದ ಬಳಿಕ ನಿಮ್ಮ ತಂದೆಯ ಬಳಿ ಕುಳಿತುಕೊಳ್ಳಿ. ಅವರ ಮಾತ್ರೆಯ ಡಬ್ಬಿ ತೆರೆದು ನೋಡಿ. ‘ರಾತ್ರಿ ನಿದ್ದೆ ಬರುತ್ತದೆಯೇ?’ ಎಂದು ಕೇಳಿ. ಉತ್ತರ ಮುಗಿಯುವವರೆಗೆ ಎದ್ದೇಳಬೇಡಿ.