ಉಸಿರು ಬಿಡಲು ಪುರುಸೊತ್ತು

“ಉಸಿರು ಬಿಡೋಕೂ ಪುರುಸೊತ್ತಿಲ್ಲ ಕಣೇ” ಅನ್ನುವುದು ನಮ್ಮ ದೊಡ್ಡಮ್ಮನ ಬಾಯಲ್ಲಿ ಸದಾ ಇರುತ್ತಿದ್ದ ಮಾತು. ತೀರ್ಥಹಳ್ಳಿ ಹತ್ತಿರದ ತೋಟದ ಮನೆ. ಬೆಳಗ್ಗೆ ಬಚ್ಚಲೊಲೆಗೆ ಬೆಂಕಿ ಹಾಕುವಲ್ಲಿಂದ ರಾತ್ರಿ ಕೆಂಡಕ್ಕೆ ಬೂದಿ ಮುಚ್ಚುವವರೆಗೆ ಅವಳದು ಬೆಂಕಿಯ ಜೊತೆಗಿನ ಸಂಸಾರ. ಈ ಮಾತನ್ನು ನಾವೂ ದಿನಾ ಆಡುತ್ತೇವೆ. ಗಮನಿಸಿ, ಉಸಿರು ಎಳೆಯೋಕೆ ಪುರುಸೊತ್ತಿಲ್ಲ ಅಂತ ಯಾರೂ ಅನ್ನುವುದಿಲ್ಲ. ಬಿಡೋಕೆ ಅನ್ನುತ್ತೇವೆ. ಅದು ಎಷ್ಟು ಸರಿಯಾದ ಮಾತು ಅಂತ ನನಗೆ ತಿಳಿದದ್ದು ಎರಡು ವರ್ಷದ ಹಿಂದೆ, ದೊಡ್ಡಮ್ಮನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದ ದಿನ.

ಅದಕ್ಕೂ ಮೂರು ವರ್ಷ ಮೊದಲೇ ಸೂಚನೆ ಇತ್ತು. ಕೊಟ್ಟಿಗೆಯ ಮೂರು ಮೆಟ್ಟಿಲು ಹತ್ತಿ, ಮೊಣಕಾಲಿನ ಮೇಲೆ ಎರಡೂ ಕೈ ಊರಿ, ಮುಂದಕ್ಕೆ ಬಾಗಿ ನಿಲ್ಲುತ್ತಿದ್ದಳು. ಯಾರಾದರೂ ನೋಡಿದರೆ ಸೆರಗು ಸರಿ ಮಾಡಿಕೊಳ್ಳುವ ನೆಪ. ಚಳಿಗಾಲ ಪೂರ್ತಿ ಕೆಮ್ಮು, ಕಫ. ನಾವೆಲ್ಲ ಸೇರಿ ಅದಕ್ಕೆ ಒಂದೇ ಹೆಸರಿಟ್ಟಿದ್ದೆವು: ವಯಸ್ಸಾಯಿತು.

ಆಸ್ಪತ್ರೆಯಲ್ಲಿ ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟರು. ಸ್ಪೈರೋಮೆಟ್ರಿ ಅಂತ ಅದರ ಹೆಸರು. ಈ ತರಹದ ಯಂತ್ರವನ್ನು 1846ರಷ್ಟು ಹಿಂದೆಯೇ ಲಂಡನ್ನಿನ ಜಾನ್ ಹಚಿನ್ಸನ್ ಎಂಬ ವೈದ್ಯ ಲೋಕಕ್ಕೆ ತೋರಿಸಿದ್ದನಂತೆ. ನಮ್ಮ ದೊಡ್ಡಮ್ಮನ ತನಕ ಬರಲು ಇಷ್ಟು ಕಾಲ ಹಿಡಿಯಿತು. ಪರೀಕ್ಷೆ ಮಾಡುವ ಹುಡುಗಿ, “ಊದಿ ಅಜ್ಜಿ, ಜೋರಾಗಿ, ಇನ್ನೂ, ಇನ್ನೂ, ಬಿಡಬೇಡಿ” ಅಂತ ಕೂಗುತ್ತಿದ್ದಳು. ಮೂರನೇ ಸಲ ಊದಿ ಮುಗಿಸಿ, ಸುಧಾರಿಸಿಕೊಂಡು ದೊಡ್ಡಮ್ಮ ಹೇಳಿದಳು: “ಐವತ್ತು ವರ್ಷ ಊದಿದ್ದೀನಿ ತಾಯಿ. ನೀನು ಹೇಳಿಕೊಡಬೇಕಾ?”

ಹುಡುಗಿಗೆ ಅರ್ಥವಾಗಲಿಲ್ಲ. ನನಗೆ ಕಣ್ಣೆದುರು ಬಂದದ್ದು ನಮ್ಮ ಅಡಿಗೆಮನೆಯ ಮೂಲೆಯ ಕಬ್ಬಿಣದ ಊದುಕೊಳವೆ. ಮಳೆಗಾಲದ ಹಸಿ ಸೌದೆ, ಕಣ್ಣಲ್ಲಿ ನೀರು, ಕೆನ್ನೆ ಉಬ್ಬಿಸಿ ಒಂದು ಊದು, ಆಮೇಲೆ ಮುಖ ತಿರುಗಿಸದೆ ಅದೇ ಹೊಗೆಯಲ್ಲಿ ಒಂದು ಉಸಿರು.

ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಬೀಡಿ, ಸಿಗರೇಟಿನದು. ಎರಡನೆಯದು, “ಒಲೆ ಯಾವುದಮ್ಮ?” ಆಮೇಲೆ ಸಿಒಪಿಡಿ ಅಂದರು. ಶ್ವಾಸನಾಳಗಳಿಗೆ ಕಾಯಂ ಅಡಚಣೆ. ಆರೋಗ್ಯವಂತರು ಜೋರಾಗಿ ಊದಿದರೆ, ಹೊರಬರುವ ಗಾಳಿಯಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಪಾಲು ಮೊದಲ ಸೆಕೆಂಡಿನಲ್ಲೇ ಬಂದುಬಿಡುತ್ತದೆ. ಅವಳದು 48. ಉಸಿರು ಎಳೆಯುವುದಕ್ಕೆ ಎದೆಯ ಸ್ನಾಯುಗಳ ಬಲ ಬೇಕು. ಬಿಡುವ ಕೆಲಸ ಹೆಚ್ಚಾಗಿ ಶ್ವಾಸಕೋಶ ತಾನೇ ಕುಗ್ಗಿ ಮಾಡುವಂಥದ್ದು. ಹೊಗೆ ತಿಂದ ಶ್ವಾಸಕೋಶ ಹಳೇ ಲಂಗದ ಇಲಾಸ್ಟಿಕ್ಕಿನ ಹಾಗೆ. ಎಳೆದರೆ ಬರುತ್ತದೆ, ಬಿಟ್ಟರೆ ವಾಪಸು ಹೋಗುವುದಿಲ್ಲ. ಸಣ್ಣ ನಾಳಗಳು ಮೊದಲೇ ಊದಿಕೊಂಡು ಕಿರಿದಾಗಿವೆ, ಉಸಿರು ಬಿಡುವ ಹೊತ್ತಿಗೆ ಇನ್ನಷ್ಟು ಮುದುಡುತ್ತವೆ. ಹಳೆಯ ಗಾಳಿ ಒಳಗೇ ಕೂತಿರುವಾಗ ಹೊಸ ಗಾಳಿಗೆ ಜಾಗವೆಲ್ಲಿ? ಉಸಿರು ಬಿಡೋಕೆ ಪುರುಸೊತ್ತಿಲ್ಲ. ಕಾಯಿಲೆಯ ಹೆಸರು ಅದೇ ಆಗಬಹುದಿತ್ತು.

“ವಾಸಿ ಆಗತ್ತಾ?” ಅಂದಳು.

“ಹೋಗಿರೋದು ವಾಪಸು ಬರಲ್ಲಮ್ಮ. ಇರೋದನ್ನ ಉಳಿಸ್ಕೋಬಹುದು. ಚೆನ್ನಾಗೇ ಇರಬಹುದು.”

ಮೂರು ವಾಕ್ಯ. ಅವಳು ಮೊದಲನೆಯದನ್ನಷ್ಟೇ ಕೇಳಿಸಿಕೊಂಡಳು. ಬಸ್ಸಿನಲ್ಲಿ ತೀರ್ಥಹಳ್ಳಿ ಬರುವವರೆಗೂ ಮಾತಿಲ್ಲ. ಇಳಿಯುವಾಗ, “ನಾನು ಒಂದು ದಿನ ಬೀಡಿ ಮುಟ್ಟಿದವಳಲ್ಲ” ಅಂದಳು. ಅದು ದೂರೂ ಅಲ್ಲ, ಅಳುವೂ ಅಲ್ಲ. ಲೆಕ್ಕ ತಪ್ಪಿದೆ, ಇನ್ನೊಮ್ಮೆ ನೋಡಿ ಅನ್ನುವ ಧ್ವನಿ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಇವತ್ತಿಗೂ ಜಗತ್ತಿನಲ್ಲಿ 200 ಕೋಟಿಗೂ ಹೆಚ್ಚು ಜನ ಸೌದೆ, ಬೆರಣಿ, ಇದ್ದಿಲು, ಸೀಮೆಎಣ್ಣೆಯಂಥವುಗಳ ಹೊಗೆಯಲ್ಲೇ ಅಡಿಗೆ ಮಾಡುತ್ತಾರೆ. ಹಾಗೆಂದು ಗೊತ್ತಿಲ್ಲದೆ ಆದದ್ದು ಅಂತ ಹೇಳುವ ಹಾಗಿಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಾಗಿಯೇ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಅಲ್ಲಿಂದ ಬಂದದ್ದು ಅಸ್ತ್ರ ಒಲೆ; ಸೌದೆ ಕಡಿಮೆ, ಹೊಗೆಗೆ ಚಿಮಣಿ. ನಮ್ಮ ಮನೆಗೂ ಬಂದಿತ್ತು. ಒಲೆ ಒಳ್ಳೆಯದೇ. ಚಿಮಣಿಯಲ್ಲಿ ಮಸಿ ಕಟ್ಟಿದಾಗ ಏಣಿ ಹತ್ತಿ ತೆಗೆಯುವ ಕೆಲಸ ಗಂಡಸರದು, ಹೊಗೆ ಕುಡಿಯುವ ಕೆಲಸ ಹೆಂಗಸರದು. ಹಾಗಾಗಿ ಮಸಿ ಅಲ್ಲೇ ಉಳಿಯಿತು. ಆಮೇಲೆ ಗ್ಯಾಸ್ ಬಂತು, ಅಡಿಗೆಗೆ ಮಾತ್ರ. ಬಚ್ಚಲ ಹಂಡೆಗೆ, ಅಡಿಕೆ ಬೇಯಿಸುವುದಕ್ಕೆ ಸೌದೆಯೇ. ನವೆಂಬರಿನ ಮೂರನೇ ಬುಧವಾರವನ್ನು ವಿಶ್ವ ಸಿಒಪಿಡಿ ದಿನ ಅನ್ನುತ್ತಾರೆ. ನಮ್ಮಲ್ಲಿ ಅದು ಅಡಿಕೆ ಒಲೆ ಹಗಲೂ ರಾತ್ರಿ ಉರಿಯುವ ಹೊತ್ತು.

ಮನೆಗೆ ಬಂದ ಮೇಲೆ ಎರಡು ತಪ್ಪುಗಳಾದವು. ಒಂದು ಅವಳದು, ಒಂದು ನಮ್ಮದು. ಇನ್‌ಹೇಲರನ್ನು ಅಕ್ಕಿ ಡಬ್ಬಿಯ ಹಿಂದೆ ಅಡಗಿಸಿಟ್ಟಳು. ನೆಂಟರು ನೋಡಿದರೆ ದಮ್ಮಿನ ಮನೆತನ ಅಂದಾರು, ಒಮ್ಮೆ ಹಿಡಿದರೆ ಅಭ್ಯಾಸವಾದೀತು ಎಂಬ ಭಯ. ಅದು ಚಟ ಹತ್ತಿಸುವ ಔಷಧಿಯಲ್ಲ, ಕೊನೆಗಾಲದ ಔಷಧಿಯೂ ಅಲ್ಲ. ನೇರ ನಾಳಕ್ಕೇ ಹೋಗುವುದರಿಂದ ಪ್ರಮಾಣವೂ ಅತಿ ಕಡಿಮೆ. ಆದರೆ ಕದ್ದು ಅವಸರದಲ್ಲಿ ಒತ್ತಿಕೊಂಡರೆ ಔಷಧಿಯೆಲ್ಲ ಗಂಟಲಿಗೆ. ಇನ್‌ಹೇಲರಿಗೆ ಸ್ಪೇಸರ್ ಎಂಬ ಕೊಳವೆ ಇಟ್ಟು, ನಿಧಾನವಾಗಿ ಎಳೆದು, ಹತ್ತು ಎಣಿಸುವಷ್ಟು ಹೊತ್ತು ಹಿಡಿದು, ಆಮೇಲೆ ಬಾಯಿ ಮುಕ್ಕಳಿಸಬೇಕು.

ನಮ್ಮ ತಪ್ಪು ಇನ್ನೂ ದೊಡ್ಡದು. ಪ್ರೀತಿಯ ಹೆಸರಿನದು. ಕೂತ್ಕೋ, ಮಲಕ್ಕೋ, ಏಳಬೇಡ. ಒಲೆ ಬಿಡಿಸಿದ್ದು ಸರಿ. ಹೂ ಕೊಯ್ಯುವುದನ್ನೂ ಬಿಡಿಸಿದೆವು. ಎರಡು ತಿಂಗಳಿಗೆ ಜಗುಲಿಯಿಂದ ಬಚ್ಚಲಿಗೆ ಹೋಗುವುದೇ ಏದುಸಿರಾಯಿತು. ಮತ್ತೆ ಹೋದಾಗ ಡಾಕ್ಟರು ಗದರಿದ್ದು ನಮಗೆ. ಕೂತಲ್ಲೇ ಕೂರಿಸಿದರೆ ಕಾಲಿನ ಸ್ನಾಯು ಸೋಲುತ್ತದೆ, ಸೋತ ಸ್ನಾಯು ಅಷ್ಟೇ ನಡಿಗೆಗೆ ಹೆಚ್ಚು ಗಾಳಿ ಕೇಳುತ್ತದೆ. ನಡೆಯಲಿ, ನಿಲ್ಲಲಿ, ಮತ್ತೆ ನಡೆಯಲಿ ಅಂದರು.

ಅಲ್ಲೇ ಫಿಸಿಯೋಥೆರಪಿಯ ಹುಡುಗ ಉಸಿರಾಟ ಹೇಳಿಕೊಟ್ಟ. ಮೂಗಿನಲ್ಲಿ ಎರಡು ಎಣಿಸುತ್ತ ಎಳೆಯುವುದು, ತುಟಿ ಸಣ್ಣ ಮಾಡಿ ನಾಲ್ಕು ಎಣಿಸುತ್ತ ಬಿಡುವುದು. ಹಾಗೆ ಬಿಟ್ಟರೆ ಒಳಗಿನ ನಾಳಗಳು ಮುದುಡದೆ ತುಸು ಹೊತ್ತು ತೆರೆದಿರುತ್ತವೆ, ಸಿಕ್ಕಿಬಿದ್ದ ಗಾಳಿ ಹೊರಬರುತ್ತದೆ. ದೊಡ್ಡಮ್ಮ ನನ್ನ ಮುಖ ನೋಡಿದಳು. “ಇದು ಒಲೆ ಊದೋದೇ ಅಲ್ವೇನೇ!”

ಒಲೆ ಊದುವ ಜೋರು ಬೇಡ ಅಜ್ಜಿ, ದೀಪದ ಎದುರು ಊದಿ, ಜ್ವಾಲೆ ಬಾಗಬೇಕು, ಆರಬಾರದು ಅಂದ ಹುಡುಗ. ಅದಕ್ಕೆ ಅವಳು ಒಪ್ಪಲಿಲ್ಲ. ದೀಪಕ್ಕೆ ಬಾಯಿಂದ ಊದುವುದುಂಟೇ? ಮನೆಗೆ ಬಂದು ತಾನೇ ದಾರಿ ಕಂಡುಕೊಂಡಳು. ಹೊಸೆದ ಹೂಬತ್ತಿಯೊಂದನ್ನು ಅಂಗೈ ಮೇಲೆ ಇಟ್ಟುಕೊಂಡು ಊದುವುದು. ಬತ್ತಿಯ ತುದಿ ನಡುಗಬೇಕು, ಬತ್ತಿ ಹಾರಬಾರದು. ಮೊದಲ ವಾರ ಜಗುಲಿ ತುಂಬ ಬತ್ತಿ. ಐವತ್ತು ವರ್ಷದ ಅಭ್ಯಾಸ, ಮೆಲ್ಲಗೆ ಊದಲು ಬರುವುದೇ ಇಲ್ಲ.

ಈಗ ಬರುತ್ತದೆ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಆಗುತ್ತದೆ. ತರಕಾರಿ ಕೂತೇ ಹೆಚ್ಚುತ್ತಾಳೆ, ತಲೆ ಕೂತೇ ಬಾಚುತ್ತಾಳೆ. ಸಂಜೆ ಗೇಟಿನವರೆಗೆ ಹೋಗುವಾಗ ಹಲಸಿನ ಮರದ ಹತ್ತಿರ ಒಮ್ಮೆ, ಸಂಕದ ಹತ್ತಿರ ಒಮ್ಮೆ ನಿಲ್ಲುತ್ತಾಳೆ, ಸೆರಗಿನ ನೆಪ ಇಲ್ಲದೆ. ಕೆಟ್ಟ ದಿನಗಳೂ ಇವೆ. ಮೋಡ ಕಟ್ಟಿದ ದಿನ ಎರಡು ದಿಂಬಿಗೆ ಒರಗಿ ರಾತ್ರಿ ಕಳೆದದ್ದಿದೆ. ಆಗ ಯಾರ ಮೇಲೋ ಸಿಟ್ಟು, ಹೆಚ್ಚಾಗಿ ನನ್ನ ಮೇಲೆ.

ಕಳೆದ ಅಡಿಕೆ ಕೊಯ್ಲಿನಲ್ಲಿ ಅವಳನ್ನು ಒಲೆಯಿಂದ ದೂರ, ಗಾಳಿ ಬರುವ ಕಡೆಯ ಜಗುಲಿಯಲ್ಲಿ ಕೂರಿಸಿದ್ದೆವು. ಆದರೆ ಅಡಿಕೆ ಬೆಂದಿದೆಯೋ ಇಲ್ಲವೋ, ಚೊಗರಿನ ಬಣ್ಣ ಬಂತೋ ಇಲ್ಲವೋ ಅವಳೇ ಹೇಳಬೇಕು. ತೋಟದ ಆಳು ಜಾಲರಿ ಸೌಟಿನಲ್ಲಿ ನಾಲ್ಕು ಅಡಿಕೆ ತಂದು ಅವಳ ಮುಂದೆ ಹಿಡಿಯುತ್ತಾನೆ. “ಅಮ್ಮ, ಸಾಕಾ?” ಅವಳು ಒಂದನ್ನು ಉಗುರಿನಲ್ಲಿ ಒತ್ತಿ ನೋಡುತ್ತಾಳೆ. ತುಟಿ ಸಣ್ಣದಾಗಿದೆ, ಉಸಿರು ಹೊರಗೆ ಹೋಗುತ್ತಿದೆ. ಮೊದಲೆಲ್ಲ ಅವನು ಎರಡೆರಡು ಸಲ ಕೇಳುತ್ತಿದ್ದ. ಈಗ ಸೌಟು ಹಿಡಿದು ಸುಮ್ಮನೆ ನಿಲ್ಲುತ್ತಾನೆ, ಅವಳು ನಾಲ್ಕು ಎಣಿಸಿ ಮುಗಿಸುವವರೆಗೆ.