ಹೊಲದ ಬದುವಿನಲ್ಲಿ ಮರ: ಆದಾಯ ಮತ್ತು ಬೆಳೆಯ ಮೇಲಿನ ಪರಿಣಾಮ

(ಮಾಸೂರು ಭಾಗದ ರೈತರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಹೊಲದಲ್ಲಿ ಮರವಿದ್ದರೆ ಬೆಳೆ ಏಳುವುದಿಲ್ಲವೆಂಬುದು ಕುಮುದ್ವತಿಯ ದಡದ ಈ ಸೀಮೆಯಲ್ಲಿಯೂ ಕೇಳಿಬರುವ ಮಾತು. ಅದು ಸುಳ್ಳಲ್ಲ. ಮರದ ಹತ್ತಿರದ ಸಾಲುಗಳಲ್ಲಿ ಗೋವಿನಜೋಳದ ತೆನೆ ಸಣ್ಣದಾಗುವುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಆದರೆ ಎಷ್ಟು ಸಾಲು, ಯಾವ ಹಂಗಾಮು, ಎಷ್ಟನೆಯ ವರ್ಷದಿಂದ ಎಂಬ ಲೆಕ್ಕವಿಲ್ಲದೆ ಸಸಿ ನೆಡುವುದೂ ತಪ್ಪು, ನೆಡದೆ ಬಿಡುವುದೂ ತಪ್ಪು.

ಚೌಕಾಕಾರದ ಒಂದು ಎಕರೆಯ ಸುತ್ತಳತೆ ಸುಮಾರು 254 ಮೀಟರ್. ನಾಲ್ಕು ಮೀಟರಿಗೊಂದರಂತೆ 60 ಸಸಿಗಳು ಹಿಡಿಸುತ್ತವೆ. ಅರಣ್ಯ ಇಲಾಖೆಯು 2011-12ರಲ್ಲಿ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಪ್ರತಿ ಸಸಿಗೆ ಮೂರು ವರ್ಷಗಳಲ್ಲಿ 35, 40 ಮತ್ತು 50 ರೂಪಾಯಿಯ ದರ ಹಿಡಿದರೆ, ಅರವತ್ತೂ ಉಳಿದಾಗ ಒಟ್ಟು 7,500 ರೂಪಾಯಿ. ಈ ಹಣ ಮೂರನೆಯ ವರ್ಷಕ್ಕೆ ನಿಲ್ಲುತ್ತದೆ. ನೆರಳು ಬಲಿಯುವುದು ಆಮೇಲೆ. ಕಟಾವಿನ ಹಣ ಹೆಬ್ಬೇವಿನಲ್ಲಿ ಏಳೆಂಟು ವರ್ಷಕ್ಕೆ, ತೇಗದಲ್ಲಿ ಇಪ್ಪತ್ತು ದಾಟಿದ ಮೇಲೆ. ನಡುವಿನ ಈ ಬರಿಗೈ ವರ್ಷಗಳಲ್ಲಿಯೇ ರೈತನ ಕೈ ಕೊಡಲಿಯತ್ತ ಹೋಗುವುದು.

ಮುಂಗಾರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಸಮೀಪವಿರುವುದರಿಂದ ನೆರಳು ಬುಡದಲ್ಲೇ ಉಳಿಯುತ್ತದೆ. ಹಿಂಗಾರಿನಲ್ಲಿ ಹಾಗಲ್ಲ. ಡಿಸೆಂಬರಿನ ಮಧ್ಯಾಹ್ನ ಹತ್ತು ಮೀಟರ್ ಎತ್ತರದ ಮರದ ನೆರಳು ಉತ್ತರಕ್ಕೆ ಸುಮಾರು ಎಂಟು ಮೀಟರ್ ಚಾಚುತ್ತದೆ. ಹಿಂಗಾರಿ ಜೋಳ, ಕಡಲೆ ಬಿತ್ತುವವರಿಗೆ ದಕ್ಷಿಣದ ಬದುವಿನ ಮರ ತಮ್ಮ ಬೆಳೆಗೆ ನೆರಳಾದರೆ, ಉತ್ತರದ ಬದುವಿನದು ನೆರೆಯವರ ಬೆಳೆಗೆ. ಅವರೊಡನೆ ಮೊದಲೇ ಮಾತನಾಡದೆ ಅಲ್ಲಿ ಸಸಿಯಿಡುವುದು ತಂಟೆಯನ್ನೇ ನೆಟ್ಟಂತೆ. ಪೂರ್ವ-ಪಶ್ಚಿಮದ ಅಂಚುಗಳಲ್ಲಿ ನೆರಳು ದಿನವಿಡೀ ಸರಿದಾಡುವುದರಿಂದ ಪೆಟ್ಟು ಕಡಿಮೆ.

ನೆರಳಿಗಿಂತ ಬೇರಿನ ಪೈಪೋಟಿ ಹೆಚ್ಚು ಕಾಡುವುದು ಮಳೆ ಕೈಕೊಟ್ಟ ವರ್ಷ. ಬದುವಿನ ಒಳಬದಿಗೆ ಎರಡಡಿ ಆಳದ ಕಾಲುವೆ ತೋಡಿದರೆ ಹೊಲದತ್ತ ಹರಿಯುವ ಮೇಲ್ಬೇರುಗಳು ಕತ್ತರಿಸುತ್ತವೆ, ಮಳೆನೀರೂ ಇಂಗುತ್ತದೆ. ಕಾಲುವೆ ಮುಚ್ಚಿಕೊಂಡಂತೆ ಮತ್ತೆ ತೋಡಬೇಕು. ಕೆಳಟೊಂಗೆಗಳನ್ನು ವರ್ಷಕ್ಕೊಮ್ಮೆ ಸವರಿದರೆ ಮನೆಗೆ ಸೌದೆಯಾಗುತ್ತದೆ, ಕಾಂಡವೂ ನೇರವಾಗುತ್ತದೆ. ನೀಲಗಿರಿಯನ್ನು ಮಾತ್ರ ಮಳೆಯಾಶ್ರಿತ ಹೊಲದ ಅಂಚಿಗೆ ತರದಿರುವುದೇ ಲೇಸು.

ಶ್ರೀಗಂಧದ ಬಗೆಗೆ ಆಸಕ್ತಿ ಹೆಚ್ಚು. 2001ರ ಕಾನೂನು ತಿದ್ದುಪಡಿಯ ನಂತರ ಜಮೀನಿನ ಒಡೆಯನೇ ಮರದ ಒಡೆಯ. ಆದರೆ ಗಂಧದ ಬೇರು ಅನ್ಯ ಗಿಡದ ಬೇರನ್ನು ಅವಲಂಬಿಸುವಂಥದು. ಎಳೆಯದಿರುವಾಗ ಪಕ್ಕದಲ್ಲಿ ತೊಗರಿ ಬೇಕು. ಬಲಿತ ಮೇಲೆ ಕಾವಲು ಬೇಕು; ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪ್ರೋತ್ಸಾಹಧನ ದೊರೆಯುವುದು ನೆಟ್ಟ ಸಸಿಗಲ್ಲ, ಉಳಿದ ಸಸಿಗೆ. ಆದ್ದರಿಂದ ಮೊದಲ ಎರಡು ಬೇಸಿಗೆಗೆ ನೀರು ಒದಗಿಸಬಲ್ಲಷ್ಟೇ ಸಸಿ ಪಡೆಯಬೇಕು. ಮಳೆಗಾಲಕ್ಕೆ ಮುನ್ನ ಪಹಣಿಯೊಂದಿಗೆ ವಲಯ ಅರಣ್ಯ ಕಚೇರಿಯಲ್ಲಿ ಹೆಸರು ನೋಂದಾಯಿಸಬಹುದು. ಮಣ್ಣಿಗೆ ಹೊಂದುವ ಜಾತಿಯ ಕುರಿತು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು.